ಮರೆವೋ, ಮಂಪರೋ?

ನಿದ್ದೆ ಬರಿಸುವ ಡಯಾಜೆಪಾಮ್ ಇಲಿಗಳ ನೆನಪನ್ನು ಎಷ್ಟು ಕೆಡಿಸುತ್ತದೆ ಎಂದು ನೋಡಲು ಹೊರಟಿದ್ದೆ. ಮೊದಲ ಗುಂಪಿನ ಅಂಕಿಗಳು ಕೈಗೆ ಬಂದಾಗ ಹೆದರಿಕೆಯಾಯಿತು. ಅವು ಕೆಟ್ಟದಾಗಿರಲಿಲ್ಲ, ವಿಪರೀತ ಚೆನ್ನಾಗಿದ್ದವು.

ಪೆಟ್ಟಿಗೆಯಲ್ಲಿ ಎರಡು ಕೋಣೆ, ಒಂದರಲ್ಲಿ ಬೆಳಕು, ಇನ್ನೊಂದರಲ್ಲಿ ಕತ್ತಲು. ಇಲಿಗೆ ಕತ್ತಲೇ ಇಷ್ಟ. ಅದು ಒಳಹೊಕ್ಕ ಕೂಡಲೇ ಕಾಲಿಗೆ ಸಣ್ಣ ವಿದ್ಯುತ್ ಆಘಾತ. ಮರುದಿನ ಮತ್ತೆ ಬೆಳಕಿನಲ್ಲಿ ಬಿಟ್ಟು, ಒಳಹೋಗಲು ಎಷ್ಟು ಹಿಂಜರಿಯುತ್ತದೆ ಎಂದು 300 ಸೆಕೆಂಡುಗಳವರೆಗೆ ಕಾಯುವುದು. ಕಲಿಕೆಗೆ ಅರ್ಧ ಗಂಟೆ ಮೊದಲು ಕಿಲೋ ತೂಕಕ್ಕೆ 2 ಮಿಲಿಗ್ರಾಂ ಔಷಧ ಪಡೆದವು ಮರುದಿನ ನೆಟ್ಟಗೆ ಕತ್ತಲಿಗೆ ನಡೆದುಬಿಟ್ಟವು.

ಅನುಮಾನ ಬಂದು ಹಿಂದಿನ ದಿನದ ವಿಡಿಯೋ ಹಾಕಿ ನೋಡಿದೆ. ಕೆಲವು ಇಲಿಗಳು ಆಘಾತಕ್ಕೆ ಸರಿಯಾಗಿ ಬೆಚ್ಚಿಯೇ ಇರಲಿಲ್ಲ. ನಾಟದ ಪೆಟ್ಟನ್ನು ಮರೆಯುವುದೆಂತು? ಸಿರಿಂಜುಗಳಿಗೆ ಸಂಕೇತ ಹಚ್ಚಿ, ಯಾವುದರಲ್ಲಿ ಏನಿದೆ ಎಂದು ನನಗೇ ತಿಳಿಯದಂತೆ ಮಾಡಿಕೊಂಡಿದ್ದೆ. ಆದರೆ ಓಲಾಡುವ ಇಲಿಯನ್ನು ಕಂಡ ಮೇಲೆ ಗುಟ್ಟೇನು ಉಳಿಯಿತು? ಇನ್ನೊಂದು ತಪ್ಪು ಇನ್ನೂ ಪೆದ್ದತನದ್ದು. ಡಯಾಜೆಪಾಮ್ ನೀರಿನಲ್ಲಿ ಕರಗುವುದಿಲ್ಲ. ಚುಚ್ಚುಮದ್ದಿನಲ್ಲಿ ಅದನ್ನು ಕರಗಿಸಲು ಪ್ರೊಪಿಲೀನ್ ಗ್ಲೈಕಾಲ್, ಆಲ್ಕೋಹಾಲ್ ಇರುತ್ತವೆ. ಹೋಲಿಕೆಯ ಗುಂಪಿಗೆ ನಾನು ಬರೀ ಸಲೈನ್ ಕೊಟ್ಟಿದ್ದೆ.

ಎರಡನೆಯ ಸುತ್ತಿನಲ್ಲಿ ಪ್ರಮಾಣವನ್ನು 1 ಮಿಲಿಗ್ರಾಂಗೆ ಇಳಿಸಿದೆ. ಹೋಲಿಕೆಯ ಇಲಿಗಳಿಗೆ ಅದೇ ದ್ರಾವಕವನ್ನು ಕೊಟ್ಟೆ. ಮಂಪರು ಕವಿದಿದೆಯೇ ಎಂದು ತಿಳಿಯಲು ತೆರೆದ ಅಂಕಣದಲ್ಲಿ ಬಿಟ್ಟು ಓಡಾಟ ಅಳೆದೆ. ಮುಖ್ಯವಾಗಿ, ಒಂದು ಗುಂಪಿಗೆ ಕಲಿತ ಕೂಡಲೇ ಔಷಧ ಕೊಟ್ಟೆ. ಅವು ಮರುದಿನ ದ್ರಾವಕ ಪಡೆದ ಇಲಿಗಳಂತೆಯೇ ಹೊಸ್ತಿಲಲ್ಲಿ ತಡೆದು ನಿಂತವು. ಮೊದಲೇ ಪಡೆದವು ಮಾತ್ರ, ಆಘಾತಕ್ಕೆ ಚೆನ್ನಾಗಿ ಬೆಚ್ಚಿದ್ದರೂ, ಬೇಗ ಒಳಹೊಕ್ಕವು. ಅಂದರೆ ಔಷಧ ಹಳೆಯದನ್ನು ಅಳಿಸುವುದಿಲ್ಲ, ಹೊಸದು ಕೂಡದಂತೆ ತಡೆಯುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ಇದೇ ವರ್ಗದ ಮಿಡಜೋಲಾಮ್ ಪಡೆದ ರೋಗಿ, ಆಮೇಲೆ ವೈದ್ಯರೊಡನೆ ಆಡಿದ ಮಾತನ್ನೇ ಮರೆಯುವುದೂ ಹೀಗೆಯೇ.

ಆದರೂ ಒಂದು ಮುಳ್ಳು ಉಳಿಯಿತು: ಇದು ಭಯ ಕಳೆಯುವ ಔಷಧ. ಕಲಿಯುವಾಗಲೇ ಭಯವಾಗದಿದ್ದರೆ ಮರುದಿನದ ಹಿಂಜರಿಕೆ ಎಲ್ಲಿಂದ ಬರಬೇಕು? ಅದಕ್ಕಾಗಿ ಆಘಾತವಿಲ್ಲದ, ನರವಿಜ್ಞಾನಿ ರಿಚರ್ಡ್ ಮಾರಿಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ ನೀರಿನ ತೊಟ್ಟಿಯ ಪರೀಕ್ಷೆಗೆ ಹೋದೆ. ಇಲ್ಲಿ ಇಲಿ ನೀರಿನಡಿ ಅಡಗಿದ ಕಟ್ಟೆಯನ್ನು ಸುತ್ತಲಿನ ಗುರುತುಗಳಿಂದ ಹುಡುಕಬೇಕು. ಕಟ್ಟೆ ಕಣ್ಣಿಗೆ ಕಾಣುವಂತಿದ್ದಾಗ ಔಷಧ ಪಡೆದವೂ ನೇರವಾಗಿ ಈಜಿದವು. ಅಡಗಿಸಿದಾಗ ದಿನದಿಂದ ದಿನಕ್ಕೆ ಹಿಂದೆ ಬಿದ್ದವು. ಫ್ಲೂಮಾಜೆನಿಲ್ ಎಂಬ ಪ್ರತ್ಯೌಷಧವನ್ನು ಜೊತೆಗೆ ಕೊಟ್ಟಾಗ ಆ ಅಂತರ ಬಹುಮಟ್ಟಿಗೆ ಕರಗಿತು.

ಮೊದಲ ಗುಂಪಿನ ಅಂಕಿಗಳನ್ನು ಲೆಕ್ಕದಿಂದ ಕೈಬಿಟ್ಟೆ, ದಾಖಲೆ ಪುಸ್ತಕದಿಂದಲ್ಲ. ಅದೇ ಪುಸ್ತಕದಲ್ಲಿ ಈಗ ಪ್ರತಿ ಇಲಿಯ ಮುಂದೆ ಒಂದು ಹೊಸ ಕಲಂ ಇದೆ: ‘ಬೆಚ್ಚಿತೇ?’