ಕ್ಯಾನ್ವಾಸ್ ಗೋಡೆಯ ಡೇರೆ: ಹದಗೊಳಿಸುವುದು, ಹೂಡುವುದು, ಒಣಗಿಸುವುದು

ಅಮೆರಿಕದ ರಾಕಿ ಪರ್ವತಗಳಲ್ಲಿ ಎಲ್ಕ್ ಜಿಂಕೆಯ ಬೇಟೆಗೆಂದು ಶರತ್ಕಾಲದಲ್ಲಿ ದಿನಗಟ್ಟಲೆ ಬೀಡುಬಿಡುವ ಅನೇಕರು ಇಂದಿಗೂ ನೆಚ್ಚಿಕೊಂಡಿರುವುದು ಹಗುರವಾದ ನೈಲಾನ್ ಟೆಂಟನ್ನಲ್ಲ, ದಪ್ಪ ಹತ್ತಿಬಟ್ಟೆಯ ‘ವಾಲ್ ಟೆಂಟ್’ ಅನ್ನು. 1897–98ರಲ್ಲಿ ಚಿನ್ನವನ್ನರಸಿ ಕೆನಡಾದ ಕ್ಲಾಂಡೈಕಿಗೆ ಹೊರಟಿದ್ದ ಸಾವಿರಾರು ಜನ ದಾರಿಯಲ್ಲಿನ ಬೆನೆಟ್ ಸರೋವರದ ದಡದಲ್ಲಿ ಚಳಿಗಾಲ ಕಳೆದದ್ದೂ ಕ್ಯಾನ್ವಾಸ್ ಡೇರೆಗಳಲ್ಲಿಯೇ. ಸುಮಾರು 5 ಅಡಿ ಎತ್ತರಕ್ಕೆ ನೆಟ್ಟಗೆ ನಿಲ್ಲುವ ಗೋಡೆ ಇದರ ವಿಶೇಷ. ಗೋಡೆಗೆ ಒತ್ತಿಯೇ ಮಂಚ ಹಾಕಬಹುದು, ನಡುವೆ ಬಾಗದೆ ನಿಂತು ಬಟ್ಟೆ ಬದಲಾಯಿಸಬಹುದು.

ಆದರೆ ಈ ಸುಖಕ್ಕೆ ಭಾರವಿದೆ. 14 ಅಡಿಗೆ 16 ಅಡಿ ಅಳತೆಯ ಡೇರೆಯಲ್ಲಿ ಬಟ್ಟೆಯೊಂದೇ 30 ಕಿಲೋ ಆಸುಪಾಸು ತೂಗುತ್ತದೆ. ಚೌಕಟ್ಟಿನ ಕೊಳವೆಗಳ ತೂಕ ಬೇರೆ. ಬೀಡಿನ ಜಾಗದವರೆಗೆ ವಾಹನ ಹೋಗುವಂತಿದ್ದು, ಕನಿಷ್ಠ ಮೂರು ರಾತ್ರಿ ತಂಗುವ ಯೋಜನೆಯಿದ್ದರೆ ಮಾತ್ರ ಇದನ್ನು ಕೊಳ್ಳುವುದು ಒಳ್ಳೆಯದು. ಬಟ್ಟೆ ಒಣಗಲು ಬಿಡುವೇ ಕೊಡದ ನಮ್ಮ ಮಲೆನಾಡಿನ ಆಷಾಢದ ಮಳೆಗೆ ಇದು ಹೇಳಿಸಿದ್ದಲ್ಲ.

ಕೊಳ್ಳುವಾಗ ಮೊದಲು ಬಟ್ಟೆಯ ದಪ್ಪವನ್ನು ವಿಚಾರಿಸಬೇಕು. ಚದರ ಗಜಕ್ಕೆ 10 ಔನ್ಸ್, ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ ತೂಗುವ ಬಟ್ಟೆ ಸಾಮಾನ್ಯ ಬಳಕೆಗೆ ಸಾಕು. ಬಹುಕಾಲ ಹೂಡಿಯೇ ಇಡುವುದಾದರೆ 12 ಔನ್ಸಿನದು ಲೇಸು. ನೈಲಾನಿನೊಳಗೆ ಮಲಗಿದವರ ಉಸಿರಿನ ತೇವ ಬೆಳಗಿನ ಹೊತ್ತಿಗೆ ಹನಿಗಟ್ಟಿ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಹತ್ತಿಯ ನೇಯ್ಗೆ ಆ ತೇವದ ಬಹುಪಾಲನ್ನು ಹೊರಕ್ಕೆ ಬಿಟ್ಟುಕೊಡುತ್ತದೆ.

ಹೊಸ ಡೇರೆಯನ್ನು ನೇರವಾಗಿ ಕಾಡಿಗೆ ಒಯ್ಯಬಾರದು. ಮನೆಯಂಗಳದಲ್ಲಿಯೇ ಹೂಡಿ, ಹೊಲಿಗೆಗಳ ಉದ್ದಕ್ಕೂ ಪೈಪಿನಿಂದ ನೀರು ಹಾಯಿಸಿ, ಪೂರ್ತಿ ಒಣಗಲು ಬಿಟ್ಟು, ಮತ್ತೊಮ್ಮೆ ತೋಯಿಸಬೇಕು. ನೆನೆದಾಗ ಹತ್ತಿಯ ನೂಲು ಉಬ್ಬಿಕೊಂಡು, ಸೂಜಿ ಚುಚ್ಚಿದ ರಂಧ್ರಗಳು ಬಿಗಿಯುತ್ತವೆ. ಈ ಕೆಲಸ ಮಾಡದವರೇ ಮೊದಲ ಮಳೆಗೆ ಡೇರೆ ಸೋರಿತೆಂದು ಅಂಗಡಿಯವರನ್ನು ಬೈಯುವುದು. ಚೌಕಟ್ಟು ಕಟ್ಟುವ ಅಭ್ಯಾಸವೂ ಇದರೊಂದಿಗೇ ಆಗಿಹೋಗುತ್ತದೆ.

ಬೀಡಿನ ಜಾಗ ಸುತ್ತಲಿಗಿಂತ ತುಸು ಎತ್ತರದಲ್ಲಿರಲಿ, ಮೇಲೆ ಒಣಕೊಂಬೆಗಳಿರದಿರಲಿ, ಬಾಗಿಲು ಗಾಳಿಗೆ ಎದುರಾಗದಿರಲಿ. ಮೊದಲು ಚಾವಣಿಯ ಕೊಳವೆಗಳನ್ನಷ್ಟೇ ನೆಲದ ಮೇಲೆ ಜೋಡಿಸಿ, ಅದರ ಮೇಲೆ ಬಟ್ಟೆಯನ್ನು ಎಳೆದು ಹೊದಿಸಬೇಕು. ಬಳಿಕ ಒಂದು ಬದಿಯನ್ನು ಎತ್ತಿ ಕಾಲುಗಳನ್ನು ಸಿಕ್ಕಿಸಿ, ಆಮೇಲೆ ಇನ್ನೊಂದು ಬದಿಯನ್ನು ಎತ್ತಬೇಕು. ಇದಕ್ಕೆ ಇಬ್ಬರಾದರೂ ಬೇಕು. ಗೂಟಗಳನ್ನು ಡೇರೆಯಿಂದ ಹೊರಕ್ಕೆ ವಾಲಿಸಿ ಹೊಡೆದು ಹಗ್ಗ ಬಿಗಿಯಬೇಕು. ಮಳೆ ಬರುವ ಸೂಚನೆ ಕಂಡೊಡನೆ ಹಗ್ಗವನ್ನು ಕೊಂಚ ಸಡಿಲಿಸುವುದನ್ನು ಮರೆಯಬಾರದು, ಏಕೆಂದರೆ ತೋಯ್ದ ಬಟ್ಟೆ ಕುಗ್ಗಿ ಹೊಲಿಗೆಯನ್ನೇ ಜಗ್ಗುತ್ತದೆ. ನೆನೆದ ಚಾವಣಿಗೆ ಒಳಗಿನಿಂದ ಕೈಯಾಗಲಿ ಪೆಟ್ಟಿಗೆಯಾಗಲಿ ತಾಗಿದರೆ ಅಲ್ಲಿಂದಲೇ ನೀರು ಜಿನುಗತೊಡಗುತ್ತದೆ.

ಹಿಮ ಬೀಳುವ ರಾತ್ರಿಯಲ್ಲಿ ಈ ಡೇರೆಯನ್ನು ಮನೆಯಾಗಿಸುವುದು ಕಟ್ಟಿಗೆಯ ಕಬ್ಬಿಣದ ಒಲೆ. ಅದರ ಹೊಗೆಕೊಳವೆ ಹಾಯಲು ಚಾವಣಿಯಲ್ಲಿ ಬೆಂಕಿ ತಡೆಯುವ ಬಟ್ಟೆಯ ಕಿಂಡಿ ಇರಲೇಬೇಕು. ಕೊಳವೆಯ ತುದಿ ಡೇರೆಯ ನೆತ್ತಿಗಿಂತ ಮೇಲಿದ್ದು, ಕಿಡಿ ತಡೆಯುವ ಜಾಲರಿ ಹೊಂದಿರಬೇಕು. ಬಣ್ಣ, ವಾಸನೆ ಎರಡೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ನಿದ್ದೆಯಲ್ಲೇ ಕೊಲ್ಲಬಲ್ಲದು. ಆದ್ದರಿಂದ ಎಷ್ಟೇ ಚಳಿಯಿದ್ದರೂ ಗಾಳಿಕಿಂಡಿಯನ್ನು ತೆರೆದಿಟ್ಟು, ಆ ಅನಿಲವನ್ನು ಪತ್ತೆಹಚ್ಚುವ ಅಲಾರಂ ಇರಿಸಿಕೊಳ್ಳಬೇಕು. ಕೆಂಡದ ಅಗ್ಗಿಷ್ಟಿಕೆಯನ್ನಂತೂ ಒಳಗೆ ತರಲೇಬಾರದು.

ಹಿಂದಿರುಗುವ ದಿನ ಮಳೆಯಾದರೆ ಒದ್ದೆಯಾಗಿಯೇ ಮಡಚದೆ ಗತಿಯಿಲ್ಲ, ಆದರೆ ಮನೆ ಸೇರಿದ ಕೂಡಲೇ ಮತ್ತೆ ಬಿಚ್ಚಿ ಹರಡಬೇಕು; ಒಂದೆರಡು ದಿನ ತಡವಾದರೂ ಬೂಷ್ಟು ಹಿಡಿಯುತ್ತದೆ, ಅದರ ಕಪ್ಪು ಕಲೆ ಮತ್ತೆ ಹೋಗುವುದಿಲ್ಲ. ನೆಲಕ್ಕೆ ತಾಗುವ ಅಂಚು ಮತ್ತು ಬಟ್ಟೆ ಎರಡು ಪದರವಾಗಿರುವ ಹೊಲಿಗೆಗಳು ಕೊನೆಗೆ ಒಣಗುವುದರಿಂದ ಅವನ್ನು ಮುಟ್ಟಿ ನೋಡಿಯೇ ಮಡಚಬೇಕು. ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ ತೆಗೆದರೆ ಸಾಕು, ಸೋಪಿನ ಪುಡಿ ನೀರು ತಡೆಯುವ ಲೇಪವನ್ನು ಹಾಳುಮಾಡುತ್ತದೆ. ಸಿಮೆಂಟಿನ ನೆಲದ ಮೇಲಿಡದೆ, ಹಲಗೆಯ ಮೇಲೆ, ಇಲಿ ಹೋಗದ ಕಡೆ ಇಡಬೇಕು.