‘ಸುಮ್ಮನಿದೆ’ ಎಂದರೆ ಏನು? ಕೊಟ್ಟಿಗೆಯ ಹಸುವಿನ ವರ್ತನೆಯನ್ನು ದಾಖಲಿಸುವ ಕ್ರಮ

ಮಂಡ್ಯ ಜಿಲ್ಲೆಯ ಯಾವುದೇ ಹಳ್ಳಿಯಲ್ಲಿ ಕೊಟ್ಟಿಗೆಯ ಮುಂದೆ ನಿಂತು ‘ಹಸು ಹೇಗಿದೆ?’ ಎಂದು ಕೇಳಿದರೆ, ‘ಚೆನ್ನಾಗೈತೆ, ಸುಮ್ನೆ ನಿಂತದೆ’ ಎಂಬ ಉತ್ತರ ಬರುವುದೇ ಹೆಚ್ಚು. ಆದರೆ ಈ ‘ಸುಮ್ಮನೆ’ ಎಂಬ ಒಂದೇ ಮಾತಿನೊಳಗೆ ಹೊಟ್ಟೆ ತುಂಬಿ ನೆಮ್ಮದಿಯಾಗಿ ಮೆಲುಕು ಹಾಕುತ್ತಿರುವ ಹಸುವೂ, ಗೊರಸು ನೋಯುವುದರಿಂದ ಕಾಲು ಎತ್ತಿಡಲಾರದೆ ನಿಂತ ಹಸುವೂ, ನೆಲ ಒದ್ದೆಯಾಗಿದೆಯೆಂದು ಮಲಗಲು ಒಪ್ಪದೆ ಗಂಟೆಗಟ್ಟಲೆ ನಿಂತೇ ಇರುವ ಹಸುವೂ ಸೇರಿಹೋಗುತ್ತವೆ. ಇವುಗಳನ್ನು ಬೇರೆಬೇರೆಯಾಗಿ ಗುರುತಿಸಬೇಕಾದರೆ ಅಂದಾಜನ್ನು ಬಿಟ್ಟು ಎಣಿಕೆಗೆ ಇಳಿಯಬೇಕು. ಕೃಷಿ, ಪಶುವೈದ್ಯಕೀಯ ಅಥವಾ ಪ್ರಾಣಿಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗಳೂ, ಮನೆಯಲ್ಲಿ ಎರಡು ಮೂರು ಮಿಶ್ರತಳಿ ಹಸುಗಳನ್ನು ಕಟ್ಟಿಕೊಂಡವರೂ ಒಂದು ನೋಟ್‌ಬುಕ್ ಮತ್ತು ಗಡಿಯಾರದೊಂದಿಗೆ ಈ ಕೆಲಸವನ್ನು ಹೇಗೆ ಮಾಡಬಹುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಮಾಡಬೇಕಾದದ್ದು ಮನೆಯವರ ಒಪ್ಪಿಗೆ ಪಡೆಯುವುದು. ನೀವು ನೋಡಲು ಬಂದಿರುವುದು ಅವರ ತಪ್ಪನ್ನಲ್ಲ, ಹಸುವಿನ ದಿನಚರಿಯನ್ನು ಎಂಬುದನ್ನು ಬಿಡಿಸಿ ಹೇಳಿ, ದಾಖಲೆಯಲ್ಲಿ ಮನೆಯವರ ಹೆಸರು ಬರೆಯುವುದಿಲ್ಲವೆಂದು ಮಾತು ಕೊಡಿ. ದಿನನಿತ್ಯದ ವ್ಯವಸ್ಥೆಯನ್ನು ಬದಲಿಸದೆ ದೂರದಿಂದ ನೋಡಿ ಬರೆದುಕೊಳ್ಳುವುದೇ ಬೇರೆ, ಪ್ರಾಣಿಯ ಮೇಲೆ ಪ್ರಯೋಗ ನಡೆಸುವುದೇ ಬೇರೆ. ಬಾಯಾರಿಕೆಯನ್ನು ಅಳೆಯಲೆಂದು ನೀರು ತಡೆಹಿಡಿಯುವಂಥ ಕೆಲಸಗಳಿಗೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಅನುಮತಿ ಬೇಕು. ಅನುಮತಿಯಿಲ್ಲದೆ ಅಂಥದಕ್ಕೆ ಕೈಹಾಕಬಾರದು. ನಾನಂತೂ ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟೇ: ಹಸುವಿಗೆ ಇರುವುದನ್ನು ಕಸಿಯಬೇಡಿ, ಬೇಕಾದರೆ ಇಲ್ಲದ್ದನ್ನು ಒದಗಿಸಿ ನೋಡಿ.

ಎರಡನೆಯ ಕೆಲಸ ವರ್ತನೆಗಳ ಪಟ್ಟಿಯನ್ನು ಮಾಡುವುದು. ಬಹುಪಾಲು ದಾಖಲೆಗಳು ಕೆಡುವುದು ಈ ಹಂತದಲ್ಲಿಯೇ. ನಮ್ಮ ಭಾಷೆಯಲ್ಲಿ ‘ಮಲಗಿದೆ’ ಎಂದರೆ ನೆಲಕ್ಕೆ ಒರಗಿದೆ ಎಂದೂ ಆಗುತ್ತದೆ, ನಿದ್ದೆ ಮಾಡುತ್ತಿದೆ ಎಂದೂ ಆಗುತ್ತದೆ. ಹಸುವಿನ ವಿಷಯದಲ್ಲಿ ಇವೆರಡರ ನಡುವೆ ಬಹಳ ಅಂತರವಿದೆ. ದಿನಕ್ಕೆ ಸುಮಾರು ಅರ್ಧ ಹೊತ್ತು ನೆಲಕ್ಕೆ ಒರಗಿಯೇ ಇದ್ದರೂ ಅದು ನಿಜವಾಗಿ ನಿದ್ರಿಸುವುದು ಸುಮಾರು 4 ಗಂಟೆ ಮಾತ್ರ. ಆದ್ದರಿಂದ ‘ಮಲಗಿದೆ: ಹೊಟ್ಟೆಯ ಭಾಗ ನೆಲಕ್ಕೆ ತಾಗಿದೆ, ಕಣ್ಣು ತೆರೆದಿದ್ದರೂ ಮುಚ್ಚಿದ್ದರೂ ಸರಿ’ ಎಂಬಂತೆ ಕಣ್ಣಿಗೆ ಕಾಣುವ ಲಕ್ಷಣದಿಂದಲೇ ಅರ್ಥವನ್ನು ಬಿಗಿಮಾಡಿಕೊಳ್ಳಬೇಕು. ಹಾಗೆಯೇ ನಿಂತಿದೆ, ಗೋದಲಿಯಲ್ಲಿ ಮೇವು ತಿನ್ನುತ್ತಿದೆ, ನೀರು ಕುಡಿಯುತ್ತಿದೆ, ತನ್ನನ್ನು ಅಥವಾ ಪಕ್ಕದ ಹಸುವನ್ನು ನೆಕ್ಕುತ್ತಿದೆ ಎಂಬವಕ್ಕೆ ಒಂದೊಂದು ಸಾಲಿನ ವಿವರಣೆ ಸಾಕು. ಮೆಲುಕು ಹಾಕುವುದನ್ನು ಬೇರೆ ಅಂಕಣದಲ್ಲಿ ಬರೆಯಿರಿ, ಏಕೆಂದರೆ ಹಸು ಅದನ್ನು ನಿಂತೂ ಮಾಡುತ್ತದೆ, ಮಲಗಿಯೂ ಮಾಡುತ್ತದೆ. ಬಾಯಲ್ಲಿ ಮೇವಿಲ್ಲದೆ ನಾಲಿಗೆಯನ್ನು ಹೊರಚಾಚಿ ಮತ್ತೆ ಮತ್ತೆ ಸುರುಳಿ ಸುತ್ತುವುದು, ಗೂಟವನ್ನೋ ಗೋದಲಿಯ ಅಂಚನ್ನೋ ಬಿಡದೆ ಕಚ್ಚುವುದು ಕಂಡರೆ ಅದನ್ನು ತಪ್ಪದೆ ಗುರುತಿಸಬೇಕು. ಮೇಯುವ ಸಹಜ ಪ್ರವೃತ್ತಿಗೆ ಅವಕಾಶ ಸಿಗದ ದನಗಳಲ್ಲಿ ಇಂಥ ಅರ್ಥವಿಲ್ಲದ ಪುನರಾವರ್ತನೆ ಕಾಣಿಸಿಕೊಳ್ಳುತ್ತದೆ. ‘ಬೇಜಾರಾಗಿದೆ’, ‘ಖುಷಿಯಾಗಿದೆ’ ಎಂಬ ಮಾತುಗಳಿಗೆ ಈ ಪಟ್ಟಿಯಲ್ಲಿ ಜಾಗವಿಲ್ಲ. ಹಸುವಿಗೆ ಭಾವನೆಗಳಿಲ್ಲವೆಂದು ಇದರ ಅರ್ಥವಲ್ಲ. ಅವುಗಳ ಬಗ್ಗೆ ಮಾತನಾಡುವ ಹಕ್ಕು ನಮಗೆ ಬರುವುದು ಎಣಿಕೆ ಮುಗಿದ ಮೇಲೆ.

ಇನ್ನು ಎಣಿಸುವ ಕ್ರಮ. ಅಮೆರಿಕದ ಪ್ರಾಣಿವರ್ತನಾ ವಿಜ್ಞಾನಿ ಜೀನ್ ಆಲ್ಟ್‌ಮನ್ ಅವರು 1974ರಲ್ಲಿ ವರ್ತನೆಯನ್ನು ದಾಖಲಿಸುವ ವಿಧಾನಗಳನ್ನು ತೂಗಿ ನೋಡಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳುವ ರೂಢಿಯಲ್ಲಿ ಎದ್ದು ಕಾಣುವ ಘಟನೆಗಳಿಗೆ ಇಲ್ಲದ ತೂಕ ಬರುತ್ತದೆಂದು ತೋರಿಸಿಕೊಟ್ಟರು. ಹಸು ಒದೆದದ್ದು ನಮ್ಮ ನೆನಪಿನಲ್ಲಿ ಉಳಿಯುತ್ತದೆ, ಮೂರು ಗಂಟೆ ಕದಲದೆ ನಿಂತದ್ದು ಉಳಿಯುವುದಿಲ್ಲ. ಅದಕ್ಕೆ ಪರಿಹಾರವಾಗಿ, ಗಡಿಯಾರದಲ್ಲಿ ನಿಗದಿಯಾದ ಕ್ಷಣ ಬಂದಾಗ ತಲೆಯೆತ್ತಿ, ಆ ಕ್ಷಣದಲ್ಲಿ ಪ್ರತಿ ಹಸುವೂ ಏನು ಮಾಡುತ್ತಿದೆಯೋ ಅದನ್ನಷ್ಟೇ ಗುರುತಿಸುವ ಪದ್ಧತಿಯನ್ನು ಅನುಸರಿಸಿ. 10 ನಿಮಿಷಕ್ಕೊಮ್ಮೆ ನೋಡಿದರೆ 24 ಗಂಟೆಗೆ 144 ಗುರುತುಗಳಾಗುತ್ತವೆ. ಅವುಗಳಲ್ಲಿ 66 ಸಲ ಮಲಗಿದ್ದರೆ 660 ನಿಮಿಷ, ಅಂದರೆ 11 ಗಂಟೆ ಮಲಗಿತ್ತೆಂದು ಲೆಕ್ಕ. ನೀರು ಕುಡಿಯುವುದು, ನೆಕ್ಕುವುದು ಮುಂತಾದ ಅಲ್ಪಕಾಲದ ವರ್ತನೆಗಳು ಹತ್ತು ನಿಮಿಷಗಳ ನಡುವೆ ತಪ್ಪಿಹೋಗುವುದರಿಂದ, ಒಂದೇ ಹಸುವನ್ನು ಆರಿಸಿಕೊಂಡು ಅರ್ಧ ಗಂಟೆ ಬಿಡದೆ ನೋಡುವ ಅವಧಿಗಳನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಪ್ರತ್ಯೇಕವಾಗಿ ಇಟ್ಟುಕೊಳ್ಳಿ.

ರಾತ್ರಿಯನ್ನು ಬಿಡಬೇಡಿ. ಮದ್ದೂರು ಕಡೆಯ ಒಂದು ಮನೆಯಲ್ಲಿ ನಾನು ಮೊದಲ ಸಲ ದಾಖಲೆ ಮಾಡಿದಾಗ ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಾತ್ರ ಕುಳಿತಿದ್ದೆ. ಸಗಣಿ ಬಾಚುವುದು, ಮೈ ತೊಳೆಯುವುದು, ಹುಲ್ಲು ಹಾಕುವುದು, ಕರು ಬಿಡುವುದು ಎಲ್ಲವೂ ಆ ಹೊತ್ತಿನಲ್ಲೇ ನಡೆಯುವುದರಿಂದ ಹಸು ಮಲಗಿದ್ದು ಬಹಳ ಕಡಿಮೆಯೆಂದು ಬರೆದುಕೊಂಡು ಬಂದೆ. ಹಸು ಮಲಗುವ ಹೊತ್ತಿನ ಬಹುಭಾಗ ರಾತ್ರಿಯದೆಂಬ ಸಂಗತಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಆ ಇಡೀ ವಾರದ ಕೆಲಸವನ್ನು ಮತ್ತೆ ಮಾಡಬೇಕಾಯಿತು. ರಾತ್ರಿ ದೂರದಿಂದ ಮಂದವಾದ ಕೆಂಪು ಬೆಳಕಿನ ಟಾರ್ಚ್ ಬಳಸಿ, ಇಲ್ಲವೆ ಹಳೆಯ ಮೊಬೈಲೊಂದನ್ನು ತೊಲೆಗೆ ಕಟ್ಟಿ ಆಗಾಗ ಚಿತ್ರ ತೆಗೆಯುವಂತೆ ಹೊಂದಿಸಿಡಿ. ನೀವು ಕುಳಿತಿರುವುದಕ್ಕೆ ಹಸುಗಳು ಹೊಂದಿಕೊಳ್ಳಲೆಂದು ಮೊದಲ ದಿನದ ದಾಖಲೆಯನ್ನು ಕೈಬಿಡುವುದು ಒಳ್ಳೆಯದು.

ಮಲಗುವ ಹೊತ್ತಿಗೆ ನಾನು ಇಷ್ಟು ಮಹತ್ವ ಕೊಡುವುದಕ್ಕೆ ಕಾರಣವಿದೆ. ಅನುಕೂಲವಾದ ಜಾಗವಿದ್ದರೆ ಹಾಲು ಕೊಡುವ ಹಸು ದಿನಕ್ಕೆ ಸುಮಾರು 10ರಿಂದ 14 ಗಂಟೆ ಮಲಗುತ್ತದೆ, ಮತ್ತು ಅದೂ ಒಂದೇ ಸಲವಲ್ಲ, ಹಲವು ಸಲ ಎದ್ದು ಮಲಗಿ. ಮೇವನ್ನೂ ಮಲಗುವುದನ್ನೂ ಒಟ್ಟಿಗೆ ತಡೆದು ಆಮೇಲೆ ಅವಕಾಶ ಕೊಟ್ಟಾಗ, ಹಸಿದ ಹಸುಗಳು ಕೂಡ ಮಲಗುವುದಕ್ಕೇ ಮೊದಲ ಸ್ಥಾನ ಕೊಟ್ಟದ್ದು ಯುರೋಪಿನ ಪ್ರಯೋಗಗಳಲ್ಲಿ ಕಂಡಿದೆ. ನಿಮ್ಮ ಲೆಕ್ಕದಲ್ಲಿ ಈ ಹೊತ್ತು ಬಹಳ ಕಡಿಮೆ ಬಂದರೆ ಮೊದಲು ನೆಲವನ್ನು ನೋಡಿ. ಹಸು ಮಲಗುವ ಜಾಗದಲ್ಲಿ ನೀವೇ ಮಂಡಿಯೂರಿ ಸ್ವಲ್ಪ ಹೊತ್ತು ಇರಿ. ಮಂಡಿ ನೋಯುವಷ್ಟು ಗಟ್ಟಿಯಾಗಿದ್ದರೆ ಅಥವಾ ಬಟ್ಟೆ ಒದ್ದೆಯಾದರೆ ಅದು ಹಸುವಿಗೂ ಒಗ್ಗದ ಹಾಸು. ಆಮೇಲೆ ಹಗ್ಗವನ್ನು ನೋಡಿ. ಹಸು ಏಳುವಾಗ ತಲೆಯನ್ನು ಮುಂದಕ್ಕೆ ಚಾಚಿ ಹಿಂಗಾಲನ್ನು ಮೊದಲು ಎತ್ತುತ್ತದೆ. ಮುಖದೆದುರಿಗೇ ಗೋಡೆಯಿದ್ದು, ಕಣ್ಣಿ ಗಿಡ್ಡವಾಗಿದ್ದರೆ ಏಳುವುದೇ ಕಷ್ಟವಾಗಿ ಅದು ಮಲಗುವುದನ್ನೇ ಮುಂದೂಡುತ್ತದೆ. ಅಸಮಂಜಸವಾಗಿ ಗಿಡ್ಡವಾದ ಹಗ್ಗದಲ್ಲಿ ಪ್ರಾಣಿಯನ್ನು ಬಹುಹೊತ್ತು ಕಟ್ಟಿಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಕ್ರೌರ್ಯವೆಂದೇ ಪರಿಗಣಿಸುತ್ತದೆ. ಕೊಟ್ಟಿಗೆಯಲ್ಲಿ ಕಾನೂನಿನ ಮಾತೆತ್ತುವುದಕ್ಕಿಂತ ಕಣ್ಣಿಯನ್ನು ಒಂದು ಮೊಳ ಉದ್ದ ಮಾಡಿಸುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ಅಭಿಪ್ರಾಯ.

ಮಾರ್ಚ್‌ನಿಂದ ಮೇವರೆಗೆ ದಾಖಲೆ ಮಾಡುವವರು ಬಿಸಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು, ಏಕೆಂದರೆ ಹಸುವಿಗೆ ಸೆಖೆಯಾದಾಗ ಮೈಗೆ ಗಾಳಿ ತಾಗಲೆಂದು ಅದು ನಿಂತೇ ಇರುತ್ತದೆ. ಆಗ ನೆಲದ್ದಲ್ಲದ ತಪ್ಪನ್ನು ನೆಲದ ಮೇಲೆ ಹೊರಿಸಿದಂತಾಗುತ್ತದೆ. ಉಷ್ಣತೆ ಮತ್ತು ತೇವಾಂಶ ಎರಡನ್ನೂ ತೋರಿಸುವ ಸಣ್ಣ ಮಾಪಕವನ್ನು ಹಸುವಿನ ಬೆನ್ನಿನ ಎತ್ತರದಲ್ಲಿ ತೂಗುಹಾಕಿ. ಇವೆರಡನ್ನೂ ಸೇರಿಸಿ ಲೆಕ್ಕ ಹಾಕುವ ಶಾಖ-ತೇವಾಂಶ ಸೂಚ್ಯಂಕವು 72ನ್ನು ದಾಟಿದರೆ ಹಾಲಿನ ಹಸುವಿಗೆ ಒತ್ತಡ ಆರಂಭವಾಯಿತೆಂದು ಬಹುಕಾಲದಿಂದ ಎಣಿಸುತ್ತ ಬಂದಿದ್ದಾರೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇ. 50 ತೇವಾಂಶ ಇದ್ದಾಗಲೇ ಅದು 72ರ ಹತ್ತಿರಕ್ಕೆ ಬರುತ್ತದೆ. 32 ಡಿಗ್ರಿ ಮತ್ತು ಶೇ. 60 ಇದ್ದರೆ 82ನ್ನು ಮೀರುತ್ತದೆ. ಸಿಮೆಂಟ್ ಶೀಟಿನ ಮಾಡಿನ ಕೆಳಗೆ ನಿಂತ ಎಚ್‌.ಎಫ್. (ಹೋಲ್‌ಸ್ಟೈನ್ ಫ್ರೀಷಿಯನ್) ಮಿಶ್ರತಳಿ ಹಸುವಿನ ಪಕ್ಕೆಯ ಏರಿಳಿತವನ್ನು ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿ ನೋಡಿ; ಉಸಿರಾಟ ನಿಮಿಷಕ್ಕೆ 60ನ್ನು ದಾಟಿದ್ದರೆ ಅದು ಸ್ಪಷ್ಟವಾಗಿ ಸೆಖೆಯಿಂದ ಬಳಲುತ್ತಿದೆ. ಹಳ್ಳಿಕಾರ್ ದನ ಅದೇ ಬಿಸಿಲನ್ನು ಹೆಚ್ಚು ಸುಲಭವಾಗಿ ತಾಳಿಕೊಳ್ಳುತ್ತದಾದ್ದರಿಂದ ಎರಡೂ ತಳಿಗಳನ್ನು ಒಂದೇ ಪಟ್ಟಿಯಲ್ಲಿ ಕೂಡಿಸಿ ಸರಾಸರಿ ತೆಗೆಯಬಾರದು. ನೀರನ್ನು ಬಕೆಟ್‌ನ ಲೆಕ್ಕದಲ್ಲಿ ಬರೆದಿಡಿ. ಒಣ ಮೇವು ತಿನ್ನುವ ಹಾಲಿನ ಹಸು ಬೇಸಿಗೆಯಲ್ಲಿ ದಿನಕ್ಕೆ 60 ಲೀಟರಿಗೂ ಹೆಚ್ಚು ಕುಡಿಯಬಲ್ಲದು. ಬೆಳಿಗ್ಗೆ ಸಂಜೆ ಒಂದೊಂದು ಬಕೆಟ್ ತೋರಿಸುವ ರೂಢಿ ಇದಕ್ಕೆ ಸಾಲುವುದಿಲ್ಲ.

ಮನುಷ್ಯರ ಬಗೆಗಿನ ಭಯವನ್ನೂ ಅಳೆಯಬಹುದು. ಹಸುವಿನ ಎದುರಿನಿಂದ, ಎರಡು ಮೀಟರ್ ದೂರದಿಂದ, ಸೆಕೆಂಡಿಗೆ ಒಂದು ಹೆಜ್ಜೆಯಂತೆ ನಿಧಾನವಾಗಿ ನಡೆಯುತ್ತ, ಅಂಗೈ ಕೆಳಮುಖವಾಗಿ ಕೈಯನ್ನು ಮುಂದೆ ಚಾಚಿ ಹೋಗಿ. ಹಸು ಹಿಂಜರಿದ ಕ್ಷಣದಲ್ಲಿ ಕೈಗೂ ಅದರ ಮೂತಿಗೂ ಎಷ್ಟು ಅಂತರವಿತ್ತೆಂದು ಬರೆಯಿರಿ. ಕಟ್ಟಿದ ಹಸು ಹಿಂದೆ ಸರಿಯಲಾರದೆ ಇರಬಹುದಾದ್ದರಿಂದ ತಲೆ ತಿರುಗಿಸಿದ್ದನ್ನೂ ಹಗ್ಗ ಜಗ್ಗಿದ್ದನ್ನೂ ಹಿಂಜರಿಕೆಯೆಂದೇ ಎಣಿಸಬೇಕು. ‘ಸಾಧು ಹಸು’ ಎಂದು ಹೆಸರಾದದ್ದು ಕೆಲವೊಮ್ಮೆ ಓಡಲು ಜಾಗವಿಲ್ಲದ ಹಸುವಷ್ಟೇ ಆಗಿರುತ್ತದೆ. ದಿನವೂ ಹಾಲು ಕರೆಯುವವರು ಒಮ್ಮೆ, ಅಪರಿಚಿತರು ಒಮ್ಮೆ ಇದನ್ನು ಮಾಡಿದರೆ ಎರಡರ ಅಂತರವೇ ಬಹಳಷ್ಟನ್ನು ಹೇಳುತ್ತದೆ. ಹಾಯುವ ಹಸುವಿನ ಹತ್ತಿರ ಈ ಪರೀಕ್ಷೆ ಬೇಡ.

ಸೌಕರ್ಯದ ಬಗ್ಗೆ ನಮ್ಮ ತೀರ್ಮಾನವನ್ನು ಪ್ರಾಣಿಯೇ ತಳ್ಳಿಹಾಕಬಹುದು. ಸಾಕುಪ್ರಾಣಿಗಳ ಸ್ಥಿತಿಯನ್ನು ಪರಿಶೀಲಿಸಿ 1965ರಲ್ಲಿ ವರದಿ ಕೊಟ್ಟ ಬ್ರಿಟನ್ನಿನ ಬ್ರಾಂಬೆಲ್ ಸಮಿತಿಯು ಕೋಳಿಗೂಡಿನ ನೆಲಕ್ಕೆ ತೆಳುವಾದ ಷಟ್ಕೋನ ತಂತಿಯ ಜಾಲರಿಯನ್ನು ಬಳಸಬಾರದೆಂದು ಸೂಚಿಸಿತ್ತು. 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಸಂಶೋಧಕರು ಕೋಳಿಗಳಿಗೇ ಆಯ್ಕೆ ಬಿಟ್ಟುಕೊಟ್ಟಾಗ, ಅವು ಸಮಿತಿ ಬೇಡವೆಂದ ಜಾಲರಿಯನ್ನೇ ಹೆಚ್ಚು ಇಷ್ಟಪಟ್ಟವು. ಅದು ಅವುಗಳ ಪಾದಕ್ಕೆ ಹೆಚ್ಚು ಕಡೆಗಳಲ್ಲಿ ಆಸರೆ ಕೊಡುತ್ತಿತ್ತು. ನಿಮ್ಮ ಕೊಟ್ಟಿಗೆಯಲ್ಲೂ ರಬ್ಬರ್ ಮ್ಯಾಟ್ ಒಳ್ಳೆಯದೋ, ಭತ್ತದ ಹುಲ್ಲಿನ ಹಾಸು ಒಳ್ಳೆಯದೋ ಎಂಬ ಪ್ರಶ್ನೆಯನ್ನು ಹೀಗೆಯೇ ಬಿಡಿಸಬಹುದು. ಒಂದು ವಾರ ಇದ್ದಂತೆಯೇ ದಾಖಲಿಸಿ, ಎರಡನೆಯ ವಾರ ಒಣಹುಲ್ಲು ಹಾಸಿ, ಮೂರನೆಯ ವಾರ ಮ್ಯಾಟ್ ಹಾಕಿ ದಾಖಲಿಸಿ. ಪ್ರತಿ ಹಸುವನ್ನೂ ಅದರ ಹಿಂದಿನ ವಾರದೊಂದಿಗೇ ಹೋಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಇರಲಿ. ಅದೇ ವಾರದಲ್ಲಿ ರಾಗಿ ಹುಲ್ಲಿನ ಬದಲು ಕಬ್ಬಿನ ಸೋಗೆ ಹಾಕಲು ಆರಂಭಿಸಿದ್ದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಒಂದೇ ಕೊಟ್ಟಿಗೆಯ ಮೂರು ಹಸುಗಳ ಫಲಿತಾಂಶ ಆ ಕೊಟ್ಟಿಗೆಗಷ್ಟೇ ಸಲ್ಲುತ್ತದೆ; ಊರಿನ ಬಗ್ಗೆ ಹೇಳಬೇಕಾದರೆ ಬೇರೆಬೇರೆ ಮನೆಗಳ ಕೊಟ್ಟಿಗೆಗಳು ಬೇಕು.

ಇಬ್ಬರು ದಾಖಲಿಸುವುದಾದರೆ ಮೊದಲು ಒಂದು ಗಂಟೆ ಅಕ್ಕಪಕ್ಕದಲ್ಲಿ ಕುಳಿತು, ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡದೆ ಗುರುತು ಹಾಕಿ ಹೋಲಿಸಿ. ಹೊಂದಿಕೆಯಾಗದ ಕಡೆ ವರ್ತನೆಯ ವಿವರಣೆಯನ್ನು ತಿದ್ದಿ, ಮತ್ತೆ ನೋಡಿ. ಡೈರಿಗೆ ಹಾಕಿದ ಹಾಲಿನ ಪ್ರಮಾಣವನ್ನು ಪಕ್ಕದಲ್ಲಿ ಬರೆದುಕೊಳ್ಳಬಹುದು, ಆದರೆ ಹಾಲು ಹೆಚ್ಚಿದ ಮಾತ್ರಕ್ಕೆ ಹಸು ಸುಖವಾಗಿದೆಯೆಂದು ಬರೆಯಬೇಡಿ. ಹೆಚ್ಚು ಹಾಲು ಕೊಡುವ ಹಸುಗಳಲ್ಲಿಯೇ ಕೆಚ್ಚಲು ಬಾವು ಮತ್ತು ಕುಂಟು ಹೆಚ್ಚಾಗಿ ಕಾಣುತ್ತವೆ.

ಕೊನೆಗೆ ಮೊತ್ತ ಹಾಕುವ ಮೊದಲು ಹಾಳೆಗಳನ್ನು ಹಾಲು ಕರೆಯುವ ಮನೆಯಾಕೆಯ ಮುಂದೆ ಇಡಿ. ‘ಆ ರಾತ್ರಿ ಪಕ್ಕದ ಮನೇಲಿ ಪಟಾಕಿ ಹೊಡೆದ್ರು, ಅದಕ್ಕೇ ಎದ್ದೇ ನಿಂತಿತ್ತು’, ‘ಅವತ್ತು ಬೆದೆಗೆ ಬಂದಿತ್ತು’ ಎಂಬಂಥ, ನಿಮ್ಮ ಪಟ್ಟಿಯಲ್ಲಿ ಎಲ್ಲಿಯೂ ಇರದ ವಿವರಗಳು ಆಕೆಯಿಂದ ಬರುತ್ತವೆ. ಅವುಗಳನ್ನು ಆಯಾ ದಿನದ ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಆಮೇಲೆ ಲೆಕ್ಕಕ್ಕೆ ಕುಳಿತುಕೊಳ್ಳಿ.