ಗ್ರೀಸ್ ತೂತು ಗೋಡೆ ಕಡೆ ಹೋದ ಕಥೆ

ಮಂಡ್ಯ ಕಡೆಯ ನಮ್ಮ ಆಲೆಮನೆಯ ಗಾಣಕ್ಕೆ ಒಂದು ಬ್ರಾಕೆಟ್ ಬೇಕಿತ್ತು. ಸಾಲಿಡ್‌ವರ್ಕ್ಸ್ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ ನಾನೇ ಡ್ರಾಯಿಂಗ್ ಮಾಡಿ ಮೈಸೂರಿನ ಹೆಬ್ಬಾಳದ ಒಂದು ವರ್ಕ್‌ಶಾಪಿಗೆ ಕೊಟ್ಟೆ. ಬಂದ ಪೀಸಿನಲ್ಲಿ ಗ್ರೀಸ್ ನಿಪ್ಪಲ್ (ಗ್ರೀಸ್ ಗನ್ ಹಚ್ಚುವ ಮೂತಿ) ಕೂರುವ ತೂತು ಗೋಡೆ ಕಡೆಗೆ! ಗನ್ ಇರಲಿ, ಬೆರಳೂ ತೂರುವುದಿಲ್ಲ.

ಜಗಳಕ್ಕೆಂದೇ ಹೋದೆ. ಟರ್ನರ್ ಹಾಳೆ ಬಿಡಿಸಿ, "ಸೈಡ್ ವ್ಯೂ ಬಲಕ್ಕೆ ಹಾಕಿದ್ದೀರಲ್ಲ ಸಾರ್, ಅಂದ್ರೆ ಎಡದಿಂದ ನೋಡಿದ್ದು ತಾನೇ?" ಅಂದರು. ಮಾತು ನಿಂತುಹೋಯಿತು. ನಮ್ಮಲ್ಲಿ ರೂಢಿ ಫಸ್ಟ್ ಆಂಗಲ್: ಎಡದಿಂದ ನೋಡಿದ್ದನ್ನು ಬಲಕ್ಕೆ ಬರೆಯುವುದು. ನನ್ನ ಟೆಂಪ್ಲೇಟ್ ಅಮೆರಿಕದ ಥರ್ಡ್ ಆಂಗಲ್: ಬಲದಿಂದ ನೋಡಿದ್ದು ಬಲಕ್ಕೇ. ಮೇಲಾಗಿ, ಚೆಂದ ಕಾಣಲಿ ಅಂತ ಫ್ರಂಟ್ ವ್ಯೂನ ಹಿಡನ್ ಲೈನ್ (ಮರೆಯಲ್ಲಿರುವ ಅಂಚು ತೋರಿಸುವ ತುಂಡುಗೆರೆ) ಬೇರೆ ತೆಗೆದಿದ್ದೆ. ತೂತು ಯಾವ ಕಡೆಯದೆಂದು ಹೇಳಲು ಹಾಳೆಯಲ್ಲಿ ಏನೂ ಉಳಿದಿರಲಿಲ್ಲ.

ಶೀಟ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಅಲ್ಲಿ ಫಸ್ಟ್ ಆಂಗಲ್. ಹಳೆಯ ಸೈಡ್ ವ್ಯೂ ಅಳಿಸಿ ಹೊಸದಾಗಿ ಪ್ರೊಜೆಕ್ಟ್ ಮಾಡಿದೆ. ಈಗ ಬಲಬದಿಯ ನೋಟ ಎಡಕ್ಕೆ ಕೂತಿತು. ಹಿಡನ್ ಲೈನ್ ವಾಪಸ್ ಬಂತು, ಆದರೆ ಅಳತೆ ಅದರ ಮೇಲಲ್ಲ, ತೂತು ದುಂಡಗೆ ಕಾಣುವ ಸೈಡ್ ವ್ಯೂನಲ್ಲೇ ಕೊಟ್ಟೆ. ಟೈಟಲ್ ಬ್ಲಾಕ್‌ನಲ್ಲಿ (ಹಾಳೆಯ ಮಾಹಿತಿ ಚೌಕದಲ್ಲಿ) ಫಸ್ಟ್ ಆಂಗಲ್‌ನ ಸಂಕೇತವನ್ನೂ ಹಾಕಿದೆ: ಸಣ್ಣ ತುದಿ ಎಡಕ್ಕಿರುವ ಮೊಟಕು ಶಂಕು, ಅದರ ಬಲಕ್ಕೆ ಒಂದರೊಳಗೊಂದು ಎರಡು ವೃತ್ತ. ಅದನ್ನೇ ಟೆಂಪ್ಲೇಟಾಗಿ ಸೇವ್ ಮಾಡಿಟ್ಟಿದ್ದೇನೆ.

ಹಳೇ ಬ್ರಾಕೆಟ್ಟಿಗೆ ಇನ್ನೊಂದು ಬದಿಯಲ್ಲೂ ತೂತು ಕೊರೆಸಿದೆ. ಗೋಡೆ ಕಡೆಯದಕ್ಕೆ ಬೋಲ್ಟ್ ಜಡಿದಾಯಿತು.